ಅವಳು ಬರೆಯದೆ ಹೋದ ಎದುರುಮಾತು

ಮಾರ್ಚ್ ೩

“ಇಲ್ಲಿ ನೆರೆದಿರುವ ಎಲ್ಲರಿಗೂ ನನ್ನ ಮತ್ತು ನನ್ನ ಪತ್ನಿಯ ವಂದನೆಗಳು. ನಿಮ್ಮ ನಿಮ್ಮ ಕೆಲಸ ಬಿಟ್ಟು, ಕೆಲವರು ನಿದ್ದೆಯನ್ನೂ ಬಿಟ್ಟು, ನನ್ನ ಮಗಳಿಗಾಗಿ ಪರದೆಯ ಮೇಲೆ ಬಂದು ಕುಳಿತಿದ್ದೀರಿ. ಅದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ನೀವು ತಂದಿರುವ ಕನಿಕರವನ್ನು ನಾನು ಸ್ವೀಕರಿಸಲಾರೆ. ದಯವಿಟ್ಟು ಅದನ್ನು ವಾಪಸು ಕೊಂಡೊಯ್ಯಿರಿ. ನಿವೃತ್ತನಾಗುವವರೆಗೆ ಕಾಲೇಜಿನ ಪರೀಕ್ಷಾ ವಿಭಾಗವನ್ನು ನಡೆಸಿದವನು ನಾನು. ಯಾರ ಮಗನಿಗೂ ಯಾರ ಮಗಳಿಗೂ ಕೃಪಾಂಕ ಕೊಟ್ಟವನಲ್ಲ. ಸತ್ತಳೆಂಬ ಕಾರಣಕ್ಕೆ ನನ್ನ ಮಗಳಿಗೆ ಕೃಪಾಂಕ ಸಿಗುವುದನ್ನು ನಾನು ಒಪ್ಪುವುದಿಲ್ಲ.”

ಆಡಿದ ಮಾತುಗಳನ್ನು ಆಡಿದ ಹಾಗೆಯೇ ಬರೆದಿಟ್ಟಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳ ದಿನಗಳಿಂದ ಬಂದ ಅಭ್ಯಾಸ ಇದು: ವೇದಿಕೆ ಇಳಿದ ಮೇಲೆ ತನ್ನ ವಾದವನ್ನು ತಾನೇ ಬರೆದು ನೋಡಬೇಕು; ಬಿರುಕು ಎಲ್ಲಿದೆಯೆಂದು ಆಗ ಕಾಣುತ್ತದೆ. ಇದರಲ್ಲಿ ಬಿರುಕು ಕಾಣಲಿಲ್ಲ.

ಸಂದರ್ಭವನ್ನೂ ಬರೆದಿಡುವುದು ಉಚಿತ. ಮಗಳು ಜ್ವರದಿಂದ ತೀರಿಕೊಂಡು ಒಂದು ತಿಂಗಳಾಗುತ್ತ ಬಂತು. ಬಿಡುವಿನ ವೇಳೆಯನ್ನೆಲ್ಲ ಅವಳು ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಸುಧಾರಿಸುವುದರಲ್ಲಿ ಕಳೆಯುತ್ತಿದ್ದಳು. ಅದಕ್ಕೆ ಒಡೆಯರಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದುಪಡಿ ಸೂಚಿಸಬಹುದು. ಉಳಿದವರು ಒಪ್ಪಿದರೆ ಅದು ಭಾಷೆಯೊಳಗೆ ಸೇರುತ್ತದೆ. ಸಂಬಳವಿಲ್ಲ. ಒಬ್ಬರ ಮುಖವನ್ನು ಒಬ್ಬರು ನೋಡಿದ್ದೂ ಕಡಿಮೆ. ಎಲ್ಲರಿಗೂ ಅಡ್ಡಹೆಸರು. ನನ್ನ ಮಗಳಿಗೆ ಅಲ್ಲಿ ‘ತರಲೆ’ ಎಂದು ಹೆಸರಂತೆ. ಎಂ.ಎಸ್ಸಿ. ಪ್ರಥಮ ದರ್ಜೆಯವಳಿಗೆ ತರಲೆ!

ಅವಳದೊಂದು ಪ್ರಸ್ತಾವ ಅರ್ಧಕ್ಕೆ ನಿಂತಿದೆ. ಪಟ್ಟಿಯಲ್ಲಿ ಇಲ್ಲದ ವಸ್ತುವನ್ನು ಕೇಳಿದರೆ ಈಗಿನ ಭಾಷೆ ಅಲ್ಲೇ ಕೆಲಸ ನಿಲ್ಲಿಸಿ, ಕೆಂಪಕ್ಷರದಲ್ಲಿ ‘ಅಮಾನ್ಯ’ ಎಂದು ಕೂಗುತ್ತದೆ. ಹೊಸಬರು ಹೆದರಿ ಓಡಿಹೋಗುತ್ತಾರೆ. ಆದ್ದರಿಂದ ಕೂಗದೆ, ಅಲ್ಲೊಂದು ಖಾಲಿಯನ್ನು ಇಟ್ಟುಕೊಂಡು ಕೆಲಸ ಮುಂದುವರಿಸಲಿ ಎಂಬುದು ಅವಳ ಪ್ರಸ್ತಾವ. ಅವರಲ್ಲಿ ಒಂದು ನಿಯಮವಿದೆ, ಮತ್ತು ಅದು ಒಳ್ಳೆಯ ನಿಯಮ. ಪ್ರಸ್ತಾವ ತಂದವರೇ ಅದರ ವಿರುದ್ಧದ ವಾದವನ್ನೂ ಬರೆಯಬೇಕು. ಆ ಭಾಗಕ್ಕೆ ‘ಎದುರುಮಾತು’ ಎಂದು ಹೆಸರು. ಅದನ್ನು ಓದಿದ ಮುಖ್ಯ ವಿರೋಧಿ “ಹೌದು, ನನ್ನ ಮಾತು ಇದೇ” ಎನ್ನಬೇಕು. ಆಮೇಲೆಯೇ ತೀರ್ಮಾನ. ಮಗಳ ಪ್ರಸ್ತಾವದಲ್ಲಿ ಆ ಜಾಗ ಖಾಲಿ.

ಇಂದಿನ ಸಂತಾಪಸಭೆಯ ಕೊನೆಗೆ ಅವರ ಸಂಚಾಲಕಿ, ವೃತ್ತಿಯಿಂದ ನರ್ಸ್, ಎಲ್ಲರೂ ‘ದಾದಿ’ ಎನ್ನುತ್ತಾರೆ, ಹೇಳಿದಳು: “ತರಲೆಯ ನೆನಪಿಗೆ ಈ ಸಲ ಎದುರುಮಾತು ಬೇಡ. ಏಪ್ರಿಲ್‌ನ ಹೊಸ ಆವೃತ್ತಿಯಲ್ಲಿ ಇದನ್ನ ಹಾಗೇ ಸೇರಿಸಿಬಿಡೋಣ.” ಪರದೆಯ ತುಂಬ ಚಪ್ಪಾಳೆಯ ಚಿತ್ರಗಳು ಎದ್ದವು.

ಆಗ ನಾನು ಮೇಲಿನ ಮಾತುಗಳನ್ನು ಆಡಿದೆ. ಎದುರುಮಾತನ್ನು ನಾನೇ ಬರೆಯುತ್ತೇನೆಂದೂ ಹೇಳಿದೆ. ಪತ್ನಿ ಎದ್ದು ಅಡುಗೆಮನೆಗೆ ಹೋದಳು.

ಮಾರ್ಚ್ ೪

ಪತ್ನಿ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುವ ಸದ್ದಿನಲ್ಲೇ ಎಲ್ಲವನ್ನೂ ಹೇಳುತ್ತಿದ್ದಾಳೆ.

ಕುಳಿತಲ್ಲಿ ಕೂರಲಾಗುತ್ತಿಲ್ಲ. ಹಜಾರದ ಕುರ್ಚಿಯನ್ನು ಕಿಟಕಿಯ ಬಳಿ ಹಾಕಿದೆ, ಬಿಸಿಲು. ಗೋಡೆಯ ಬಳಿ ಹಾಕಿದೆ. ಅಲ್ಲಿಂದ ಮಗಳ ಕೋಣೆಯ ಬಾಗಿಲು ಕಾಣುತ್ತದೆ. ಮತ್ತೆ ಕಿಟಕಿಗೆ.

ಮಾರ್ಚ್ ೭

ದಾದಿ ಫೋನು ಮಾಡಿದ್ದಳು. ಆಸ್ಪತ್ರೆಯ ಊಟದ ವಿರಾಮವಂತೆ, ಬಾಯಲ್ಲಿ ತುತ್ತಿತ್ತು.

“ಸರ್, ನಿಯಮದ ಪ್ರಕಾರ ಬೇರೆಯವರ ಪ್ರಸ್ತಾವದ ಮೇಲೆ ನೀವು ಬರೆಯೋ ಹಾಗಿಲ್ಲ. ಅದನ್ನ ಮೊದಲು ದತ್ತು ತಗೋಬೇಕು.”

“ಏನು ತೆಗೆದುಕೊಳ್ಳಬೇಕು?”

“ದತ್ತು. ಬರೆದವರು ಬಿಟ್ಟುಹೋದ್ರೆ ಇನ್ಯಾರಾದ್ರೂ ದತ್ತು ತಗೋತಾರೆ. ಆಮೇಲೆ ಅದು ಅವರ ಜವಾಬ್ದಾರಿ. ಮುಂದಕ್ಕೆ ತರೋದೂ ಅವರೇ, ವಾಪಸ್ ತಗೊಳ್ಳೋದೂ ಅವರೇ.”

“ನನ್ನ ಮಗಳದ್ದನ್ನು ನಾನು ದತ್ತು ತೆಗೆದುಕೊಳ್ಳಬೇಕೆ?”

ಅವಳು ನಗಲೂ ಆರದೆ ಅಳಲೂ ಆರದೆ ಏನೋ ಸದ್ದು ಮಾಡಿದಳು. “ಒಂದು ಗುಂಡಿ ಒತ್ತಿದ್ರೆ ಆಯ್ತು ಸರ್.”

ಆ ಗುಂಡಿಗಾಗಿ ಮಗಳ ಕೋಣೆಗೆ ಹೋಗಬೇಕಾಯಿತು. ಕಂಪ್ಯೂಟರಿನ ಮೇಲೆ ಧೂಳು ಕೂತಿರಲಿಲ್ಲ. ಪತ್ನಿ ದಿನವೂ ಒರೆಸುತ್ತಿರಬೇಕು. ನಿಂತುಕೊಂಡೇ ಕೆಲಸ ಮುಗಿಸಿ ಬರಬೇಕೆಂದಿದ್ದೆ. ಆದರೆ ಪ್ರಸ್ತಾವದ ಕೆಳಗಿನ ಚರ್ಚೆ ಉದ್ದಕ್ಕೆ ಇಳಿಯುತ್ತ ಹೋಯಿತು. ಅವಳ ಮುಖ್ಯ ವಿರೋಧಿಗೆ ‘ಒರೆಗಲ್ಲು’ ಎಂದು ಹೆಸರು, ಎಲ್ಲಿಯೋ ಶಾಲೆಯಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಅವನು ಬರೆದದ್ದು: “ಮನೇಲಿ ಗ್ಯಾಸ್ ಸೋರ್ತಿದ್ರೆ ಮೂಗು ಮುಚ್ಕೊಂಡು ಅಡುಗೆ ಮುಂದುವರಿಸಿ ಅಂದ ಹಾಗಿದೆ ನಿನ್ನ ಪ್ರಸ್ತಾವ.” ಇವಳ ಉತ್ತರ: “ನಿಮ್ಮದು ಸೊಳ್ಳೆ ಬಂದಿದ್ದಕ್ಕೆ ಊರಿಗೆಲ್ಲ ಗಂಟೆ ಹೊಡೆದ ಹಾಗೆ, ಮೇಷ್ಟ್ರೇ.” ಅವನು: “ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇದೆಲ್ಲಿ ಕಲಿತೆ ತರಲೆ?” ಇವಳು: “ಮನೆಯಲ್ಲಿ.”

ಇನ್ನೊಂದು ಕಡೆ, ಪ್ರಸ್ತಾವ ಹುಟ್ಟಿದ್ದು ಹೇಗೆಂದು ಯಾರೋ ಕೇಳಿದ್ದಕ್ಕೆ ಬರೆದಿದ್ದಾಳೆ: “ನಮ್ಮಪ್ಪ ಥೇಟ್ ಈ ಭಾಷೆ ಥರ. ಒಂದು ತಪ್ಪು ಕಂಡ್ರೆ ಸಾಕು, ಅಲ್ಲೇ ನಿಲ್ಲಿಸಿ ಎಲ್ಲರ ಮುಂದೆ ಕೆಂಪಕ್ಷರದಲ್ಲಿ ಕೂಗ್ತಾರೆ. ನಂಗೆ ಅಭ್ಯಾಸ ಆಗಿದೆ. ಪಾಪ, ಹೊಸಬರಿಗೆ ಯಾಕೆ?”

ತಪ್ಪು ಕಂಡಲ್ಲಿ ನಿಲ್ಲಿಸದೆ ಮತ್ತೆಲ್ಲಿ ನಿಲ್ಲಿಸಬೇಕು? ಈ ವಾಕ್ಯದಲ್ಲಿ ದೂರು ಎಲ್ಲಿದೆಯೆಂದು ತಿಳಿಯಲಿಲ್ಲ. ಮತ್ತೆ ಮತ್ತೆ ಓದಿದೆ. ತಿಳಿಯಲಿಲ್ಲ.

ಗುಂಡಿ ಒತ್ತಿ ಹೊರಬಂದೆ.

ಮಾರ್ಚ್ ೧೦

ಎದುರುಮಾತಿನ ಮೊದಲ ಕರಡನ್ನು ಬೆಳಿಗ್ಗೆ ಪ್ರಕಟಿಸಿದೆ. ನಾಲ್ಕು ಪುಟ. ಪೀಠಿಕೆ, ಮಂಡನೆ, ದೃಷ್ಟಾಂತ, ಉಪಸಂಹಾರ. ಅಂತರಕಾಲೇಜು ಸ್ಪರ್ಧೆಯಲ್ಲಿ ಪರ ವಿರೋಧ ಎರಡನ್ನೂ ಒಂದೇ ದಿನ ಗೆದ್ದವನಿಗೆ ಇದು ಕಷ್ಟವಲ್ಲ.

ಮಧ್ಯಾಹ್ನ ಒರೆಗಲ್ಲಿನ ಉತ್ತರ ಬಂತು: “ಸರ್, ಭಾಷಣ ಚೆನ್ನಾಗಿದೆ. ನನ್ನ ಮಾತು ಇದಲ್ಲ.”

ಇಷ್ಟೇ. ಏನು ಕೊರತೆಯೆಂಬ ವಿವರಣೆಯೂ ಇಲ್ಲ. ಉತ್ತರಪತ್ರಿಕೆಯ ಮೇಲೆ ಸೊನ್ನೆ ಹಾಕಿ ಷರಾ ಬರೆಯದ ಪರೀಕ್ಷಕರನ್ನು ನಾನು ನೋಟಿಸು ಕೊಟ್ಟು ಕರೆಸುತ್ತಿದ್ದೆ.

ಮಾರ್ಚ್ ೧೧

ಎರಡನೆಯ ಕರಡು. ಅದೂ ತಿರಸ್ಕೃತ. “ಇದರಲ್ಲಿ ನನ್ನನ್ನ ಮೊದಲು ದಡ್ಡನ್ನ ಮಾಡಿದ್ದೀರಿ, ಆಮೇಲೆ ಸೋಲಿಸಿದ್ದೀರಿ.”

ಬೀದಿಯ ತುದಿಯವರೆಗೆ ಹೋಗಿ ಬಂದೆ. ಮತ್ತೆ ಹೋಗಿ ಬಂದೆ. ಅಂಗಡಿಯವನು “ಏನಾದ್ರೂ ಕಳ್ಕೊಂಡ್ರಾ ಸಾರ್?” ಎಂದ.

ಮಾರ್ಚ್ ೧೫

ಮಗಳ ಕೋಣೆಯಲ್ಲಿ ಅವಳ ಕಂಪ್ಯೂಟರಿನ ಮುಂದೆ ಕೂತು, ಒರೆಗಲ್ಲನ್ನು ವಿಡಿಯೊ ಕರೆಯಲ್ಲಿ ಹಿಡಿದು ಕೂರಿಸಿದೆ. ನಲವತ್ತು ದಾಟಿದ ಮನುಷ್ಯ, ಎದುರಿಗೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು. ಆ ಕಟ್ಟು ಕಂಡದ್ದರಿಂದ ನನ್ನ ಧ್ವನಿ ಸ್ವಲ್ಪ ಇಳಿದಿರಬಹುದು.

“ತಮ್ಮಲ್ಲಿ ಒಂದು ಪ್ರಶ್ನೆ. ತಾವು ಇಷ್ಟು ದಿನ ನನ್ನ ಮಗಳನ್ನು ವಿರೋಧಿಸಿದಿರಿ. ಅವಳು ಹೋದ ಮಾರನೆಯ ದಿನ ವಿರೋಧವನ್ನು ಹಿಂತೆಗೆದುಕೊಂಡಿರಿ. ವಾದ ಬದಲಾಯಿತೆ?”

“ಇಲ್ಲ.”

“ಮತ್ತೇಕೆ?”

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. “ಜಗಳ ಆಡೋರೇ ಇಲ್ಲ ಅಂದ್ಮೇಲೆ ಗೆದ್ದು ಏನ್ ಮಾಡ್ಲಿ ಸರ್? ದಿನಾ ಶಾಲೆಯಿಂದ ಬಂದು ಚಪ್ಪಲಿ ಬಿಡೋಕ್ಕೂ ಮುಂಚೆ ನೋಡ್ತಿದ್ದೆ, ಇವತ್ತು ತರಲೆ ಏನು ಬೈದಿದ್ದಾಳೆ ಅಂತ. ಈಗ್ಲೂ ನೋಡ್ತೀನಿ. ಅಭ್ಯಾಸ.”

ನಾನು ಗಡಿಯಾರವನ್ನು ನೋಡಿದೆ. ಅದು ನಿಂತಿತ್ತು. ಅವಳ ಕೋಣೆಯ ಗಡಿಯಾರ ಯಾವಾಗ ನಿಂತಿತೆಂದು ತಿಳಿಯದು, ಬ್ಯಾಟರಿ ಹಾಕಬೇಕು.

“ಕನಿಕರದಿಂದ ಬಿಟ್ಟುಕೊಟ್ಟ ಗೆಲುವು ಅವಳಿಗೆ ಅವಮಾನ. ತಮ್ಮ ವಿರೋಧವನ್ನು ಮತ್ತೆ ದಾಖಲಿಸಬೇಕೆಂದು ಕೇಳಿಕೊಳ್ಳುತ್ತೇನೆ.”

“ದಾಖಲಿಸ್ತೀನಿ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ಈ ಭಾಷೆಯಲ್ಲಿ ನೀವು ಒಂದು ಸಾಲಾದ್ರೂ ಬರ್ದಿದ್ದೀರಾ?”

“ಇಲ್ಲ.”

“ಈಜು ಬರದೆ ಕೆರೆ ಬಗ್ಗೆ ಎಷ್ಟು ಮಾತಾಡಿದ್ರೂ ಅದು ದಡದ ಮೇಲಿನ ಮಾತೇ ಸರ್. ಇಳೀರಿ. ಮುಳುಗಿದ್ರೆ ನಾವೆಲ್ಲ ಇದ್ದೀವಿ.”

ಪಕ್ಕದ ಕೋಣೆಯಿಂದ ಪತ್ನಿ ಕೇಳಿಸಿಕೊಂಡಿರಬೇಕು. ಹನ್ನೆರಡು ದಿನಗಳ ನಂತರ ಮೊದಲ ಮಾತು ಆಡಿದಳು: “ನಿಮಗೆ ಹೇಳೋರು ಒಬ್ಬರು ಸಿಕ್ಕರಲ್ಲ, ಸದ್ಯ.”

ಮಾರ್ಚ್ ೧೯

ಇಳಿದಿದ್ದೇನೆ.

ಮಗಳ ಕಂಪ್ಯೂಟರಿನಲ್ಲಿಯೇ ಕಲಿಯುತ್ತಿದ್ದೇನೆ. ನನ್ನ ಕುರ್ಚಿಗೆ ಹಜಾರದಲ್ಲಿ ಎಲ್ಲಿಯೂ ಸರಿಯಾದ ಜಾಗ ಸಿಗದಿದ್ದುದರಿಂದ ಅದನ್ನು ಅವಳ ಕೋಣೆಗೆ ತಂದುಹಾಕಿದ್ದೇನೆ. ಇದು ಕೇವಲ ಅನುಕೂಲಕ್ಕಾಗಿ. ಇಲ್ಲಿ ಭಾಷೆಯ ಎರಡು ರೂಪಗಳಿವೆ: ಎಲ್ಲರೂ ಬಳಸುವುದು ಒಂದು, ತನ್ನ ಪ್ರಸ್ತಾವವನ್ನು ಜೋಡಿಸಿ ಪರೀಕ್ಷೆಗೆಂದು ಅವಳು ಸಿದ್ಧಪಡಿಸಿಕೊಂಡದ್ದು ಇನ್ನೊಂದು.

ಮೊದಲ ದಿನ ಎಲ್ಲರ ಭಾಷೆಯಲ್ಲಿ ಬರೆದೆ. ಮೂರನೆಯ ಸಾಲಿಗೇ ನಿಂತಿತು. ಕೆಂಪಕ್ಷರ. “ಅಮಾನ್ಯ. ಕಾರ್ಯ ಸ್ಥಗಿತ.” ತಿದ್ದಿದೆ. “ಅಮಾನ್ಯ. ಕಾರ್ಯ ಸ್ಥಗಿತ.” ಎಲ್ಲಿ, ಏಕೆ ಎಂಬ ಸುಳಿವಿಲ್ಲ. ಎದ್ದು ಕೋಣೆಯ ತುಂಬ ಓಡಾಡಿದೆ. ಒಂದು ಯಂತ್ರ ನನ್ನ ಮೇಲೆ ಹೀಗೆ ಕೂಗುವುದೆಂದರೇನು? ಪತ್ನಿ ಬಾಗಿಲಲ್ಲಿ ನಿಂತು ನೋಡಿ, “ಹೇಗಿರುತ್ತೆ?” ಎಂದಷ್ಟೇ ಕೇಳಿ ಹೋದಳು. ಏನು ಹೇಗಿರುತ್ತದೆಂದು ಕೇಳಬೇಕೆಂದುಕೊಂಡೆ; ಕೇಳಲಿಲ್ಲ.

ಆಮೇಲೆ ಮಗಳ ರೂಪಕ್ಕೆ ಬದಲಾಯಿಸಿದೆ. ಸುಸೂತ್ರ! ತಪ್ಪಿದ್ದರೂ ಸದ್ದಿಲ್ಲದೆ ನಡೆಯುತ್ತದೆ. ಹೊಸಬನಾದ ನನಗೆ ಇದು ಎಷ್ಟು ಹಿತವೆಂಬುದನ್ನು ಪ್ರಸ್ತಾವದ ಪರವಾಗಿ ದಾಖಲಿಸುತ್ತಿದ್ದೇನೆ.

ಅಭ್ಯಾಸಕ್ಕೆಂದು ಪತ್ನಿಯ ಮಾತ್ರೆಗಳ ವಾರದ ಹಾಳೆಯೊಂದನ್ನು ಅಚ್ಚು ಹಾಕುವ ಪ್ರೋಗ್ರಾಮು ಬರೆದೆ. ಒಂದು ಪಟ್ಟಿಯಲ್ಲಿ ಮಾತ್ರೆಗಳ ಹೆಸರು, ಪ್ರಮಾಣ. ಇನ್ನೊಂದರಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾವುದು ಎಂಬ ವಿವರ. ಎರಡನ್ನೂ ಹೊಂದಿಸಿ ಅಚ್ಚಾಗುತ್ತದೆ. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಅಂಚುಗಳು ನೆಟ್ಟಗಿವೆ.

ಮಾರ್ಚ್ ೨೩

ಆ ‘ಅಮಾನ್ಯ’ದ ವಾಕ್ಯವನ್ನು ತಿದ್ದಿ ಮೊನ್ನೆ ಒಂದು ಸೂಚನೆ ಕಳುಹಿಸಿದ್ದೆ. ಪ್ರಸ್ತಾವಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಟ್ಟ ಗದ್ಯವನ್ನು ಕಂಡು ಸುಮ್ಮನಿರಲಾಗಲಿಲ್ಲ, ಅಷ್ಟೆ. ನಿಲ್ಲಬೇಕಾದರೆ ನಿಲ್ಲಲಿ. ಏಕೆ ನಿಂತೆನೆಂದು ಮರ್ಯಾದೆಯಿಂದ ಹೇಳಲಿ.

ನಾನು ಬರೆದದ್ದು: “ನೀವು ಕೇಳಿದ್ದು ಈ ಪಟ್ಟಿಯಲ್ಲಿ ಸಿಗಲಿಲ್ಲ, ಆದ್ದರಿಂದ ನಾನು ಇಲ್ಲಿ ನಿಂತಿದ್ದೇನೆ. ಪಟ್ಟಿ ಶುರುವಾದದ್ದು ಇಂಥ ಸಾಲಿನಲ್ಲಿ. ಅಲ್ಲಿಂದ ನೋಡುತ್ತ ಬನ್ನಿ.”

ಬಂದರು ನೋಡಿ, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ. ‘ಯಂತ್ರ ನಾನು ಅನ್ನಬಾರದು’ ಎಂದು ಒಬ್ಬರು. ‘ಸಾಲಿನ ಸಂಖ್ಯೆ ಮೊದಲು ಬರಲಿ’ ಎಂದು ಇನ್ನೊಬ್ಬರು. ‘ಬನ್ನಿ ಯಾಕೆ, ಊಟಕ್ಕೆ ಕರೀತಿದ್ದೀರಾ?’ ಎಂದು ಮತ್ತೊಬ್ಬರು. ಜೀವಮಾನದಲ್ಲಿ ಮುಖ ನೋಡದ ಮಂದಿ ಒಂದು ವಾಕ್ಯಕ್ಕಾಗಿ ಎರಡು ದಿನ ಬಡಿದಾಡಿದರು. ಆಶ್ಚರ್ಯವೆಂದರೆ ಪ್ರತಿಯೊಬ್ಬರೂ ಆಕ್ಷೇಪಿಸುವ ಮುನ್ನ ನನ್ನ ಉದ್ದೇಶವನ್ನು ತಮ್ಮ ಮಾತಿನಲ್ಲಿ ಹೇಳಿ, ‘ಇದೇ ತಾನೆ?’ ಎಂದು ಕೇಳಿಯೇ ಮುಂದುವರಿದರು. ನಾನು ಕಂಡ ಯಾವ ಚರ್ಚಾವೇದಿಕೆಯಲ್ಲೂ ಈ ಪದ್ಧತಿ ಇರಲಿಲ್ಲ. ನಮ್ಮಲ್ಲಿ ಎದುರಾಳಿಯ ಮಾತನ್ನು ತಿರುಚಿದಷ್ಟೂ ಅಂಕ.

‘ನಾನು’ ಹೋಯಿತು. ‘ಬನ್ನಿ’ ಉಳಿಯಿತು. ಇಂದು ಸಂಜೆ ವಾಕ್ಯ ಭಾಷೆಯೊಳಗೆ ಸೇರಿತು. ಕೆಳಗೆ ದಾದಿ ಬರೆದಿದ್ದಳು: “ಸೇರಿಸಿದೆ. ಕೊಟ್ಟವರು: ತರಲೆಯ ಅಪ್ಪ.”

ಪತ್ನಿಗೆ ತೋರಿಸಿದೆ. ಓದಿ, “ನೀವು ಬರೆದದ್ದಾ?” ಎಂದಳು. ಮತ್ತೆ ಓದಿದಳು. “ಬನ್ನಿ ಅಂತ ಬರೆದಿದ್ದೀರಿ,” ಎಂದಳು.

ವೈದ್ಯರ ಬಳಿ ಪತ್ನಿಯ ಪರೀಕ್ಷಾ ವರದಿಗಳನ್ನು ತೋರಿಸಿ ಬಂದೆ. ಸಂಜೆಯ ಮಾತ್ರೆಯನ್ನು ಬದಲಿಸಿದ್ದಾರೆ. ಹಳೆಯದನ್ನು ಪಟ್ಟಿಯಿಂದ ತೆಗೆದು ಹೊಸದನ್ನು ಸೇರಿಸಿ, ಹೊಸ ಹಾಳೆ ಅಚ್ಚು ಹಾಕಿದೆ.

ಮಾರ್ಚ್ ೨೮

ಬೆಳಿಗ್ಗೆ ಇವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಕಣ್ಣು ಕತ್ತಲೆ, ಕತ್ತಿನ ಹಿಂದೆ ನೋವು. ಎದುರುಮನೆಯವರ ಕಾರಿನಲ್ಲಿ ಕರೆದೊಯ್ದೆ. ರಕ್ತದೊತ್ತಡ ಎಲ್ಲಿಗೋ ಏರಿತ್ತು. ಇಂದು ಅಲ್ಲೇ ಇರಬೇಕಂತೆ. ವೈದ್ಯರು, “ಸಂಜೆ ಮಾತ್ರೆ ತಗೋತಿದ್ದಾರಾ?” ಎಂದರು. “ಖಂಡಿತ” ಎಂದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚುಗಳಿವೆ. ಒಂದರ ಮೇಲೂ ಕೂರಲಿಲ್ಲ.

ಮಾರ್ಚ್ ೨೯

ಇವಳನ್ನು ಮನೆಗೆ ಕರೆತಂದೆ. ಈಗ ಸರಿಯಿದ್ದಾಳೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಫ್ರಿಜ್ಜಿನ ಹಾಳೆಯಲ್ಲಿ ‘ಸಂಜೆ’ ಎಂದಿತ್ತು. ಮುಂದೆ ಏನೂ ಇರಲಿಲ್ಲ. ಮಾತ್ರೆಗಳ ಪಟ್ಟಿಯಲ್ಲಿ ಹೊಸ ಹೆಸರು ಸೇರಿಸಿದ್ದೆ, ಆದರೆ ಹೊತ್ತಿನ ಪಟ್ಟಿಯಲ್ಲಿ ಹಳೆಯದನ್ನೇ ಬಿಟ್ಟಿದ್ದೆ. ಪ್ರೋಗ್ರಾಮು ಇಲ್ಲದ ಮಾತ್ರೆಯನ್ನು ಕೇಳಿತು. ಎಲ್ಲರ ಭಾಷೆಯಾಗಿದ್ದರೆ ಅಲ್ಲೇ ನಿಂತು ಕೂಗುತ್ತಿತ್ತು; ಹಾಳೆಯೇ ಅಚ್ಚಾಗುತ್ತಿರಲಿಲ್ಲ. ನಾನು ಬಳಸಿದ್ದು ಮಗಳ ರೂಪ. ಅದು ಖಾಲಿಯನ್ನು ಇಟ್ಟುಕೊಂಡು, ಸದ್ದಿಲ್ಲದೆ, ನೆಟ್ಟಗಿನ ಅಂಚುಗಳ ಹಾಳೆಯನ್ನು ನನ್ನ ಕೈಗೆ ಕೊಟ್ಟಿತು.

“ಮಾತ್ರೆ ಏಕೆ ಬಿಟ್ಟೆ?” ಎಂದು ಇವಳನ್ನು ಕೇಳಿದೆ.

“ಹಾಳೇಲಿ ಇರಲಿಲ್ಲ. ಡಾಕ್ಟರು ನಿಲ್ಲಿಸಿದ್ದಾರೆ ಅಂದ್ಕೊಂಡೆ.”

“ನನ್ನನ್ನು ಒಂದು ಮಾತು ಕೇಳಬಾರದಿತ್ತೆ?”

“ನೀವು ಮಾಡಿದ ಹಾಳೆ ತಪ್ಪಿದೆ ಅಂತ ಕೇಳೋ ಧೈರ್ಯ ಈ ಮನೇಲಿ ಇದ್ದಿದ್ದು ಒಬ್ಬಳಿಗೇ.”

ಆಮೇಲೆ ನಾನು ಭಾಷೆಯ ವಿಷಯವನ್ನು ಹೇಳಿದೆ. ಮಗಳ ಪ್ರಸ್ತಾವದಲ್ಲಿರುವ ಅಪಾಯವನ್ನು ವಿವರಿಸಿದೆ. ಇವಳು ದಿಂಬಿಗೆ ಒರಗಿದ್ದವಳು ಎದ್ದು ಕೂತಳು.

“ಏನ್ರೀ ನೀವು! ಎರಡೂ ಕಡೆ ತಿದ್ದೋದು ಮರೆತವರು ನೀವು. ಅವಳ ಮೇಲೆ ಯಾಕೆ ಹಾಕ್ತೀರಿ? ಹೋದ ಮೇಲಾದ್ರೂ ಬಿಡಿ ಅವಳನ್ನ.”

ವಾದದ ದೃಷ್ಟಿಯಿಂದ ಇದು ಬಲವಾದ ಮಾತು. ತಪ್ಪು ಮಾಡಿದವನು ನಾನೇ. ಆದರೆ ಎಲ್ಲರೂ ತಪ್ಪು ಮಾಡುತ್ತಾರೆ. ನಾನೂ ಮಾಡುತ್ತೇನೆಂದು ಈಗ ದಾಖಲೆ ಸಮೇತ ಸಾಬೀತಾಗಿದೆ. ಹಾಗಿರುವಾಗ ನನ್ನನ್ನು ತಡೆದು ನಿಲ್ಲಿಸುವವರು ಬೇಡವೆ?

ಈ ಪ್ರಶ್ನೆಯನ್ನು ಇವಳಿಗೆ ಕೇಳಲಿಲ್ಲ. ಬಿಸಿನೀರು ಕಾಯಿಸಿ ಕೊಟ್ಟೆ.

ಏಪ್ರಿಲ್ ೨

ಮೂರನೆಯ ಕರಡು ಒಂದು ಪುಟವೂ ಇಲ್ಲ. ಪೀಠಿಕೆಯಿಲ್ಲ. ಮೆಟ್ಟಿಲು, ಹಾಳೆ, ‘ಸಂಜೆ’ಯ ಮುಂದಿನ ಖಾಲಿ, ಇಷ್ಟೇ. ಕೊನೆಗೆ ಎರಡು ಸಾಲು: “ತಪ್ಪು ನಡೆದ ಜಾಗದಲ್ಲಿ ನಿಲ್ಲದಿದ್ದರೆ ಅದು ಕೈಯಿಂದ ಕೈಗೆ ಸಾಗುತ್ತದೆ. ಕೊನೆಗೆ ಏನೂ ಬರೆಯದವರ ಮೇಲೆ ಬೀಳುತ್ತದೆ.”

ಸಂಜೆಯೊಳಗೆ ಒರೆಗಲ್ಲು ಉತ್ತರಿಸಿದ: “ಹೌದು, ನನ್ನ ಮಾತು ಇದೇ.” ಸ್ವಲ್ಪ ಹೊತ್ತಿನ ಮೇಲೆ ವಿಡಿಯೊ ಕರೆ ಮಾಡಿದ.

“ಅಮ್ಮ ಹೇಗಿದ್ದಾರೆ?”

“ಇದ್ದಾಳೆ. ನನ್ನನ್ನು ಬೈಯುವಷ್ಟು ಆರೋಗ್ಯವಾಗಿದ್ದಾಳೆ.”

“ಸರ್, ಇದನ್ನ ಬರೆದದ್ದು ನೀವಾ, ತರಲೇನಾ ಅಂತ ಒಂದು ಕ್ಷಣ ಗಾಬರಿ ಆಯ್ತು.”

“ಅವಳಾಗಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದಳು ಮಾರಾಯಾ. ಬರೆದು, ಕೆಳಗೆ ನಿನಗೊಂದು ಬೈಗುಳವನ್ನೂ ಸೇರಿಸುತ್ತಿದ್ದಳು.”

“ಸೇರಿಸಿ ಹಾಗಾದ್ರೆ.”

“ನಿನ್ನ ಮಕ್ಕಳ ಉತ್ತರಪತ್ರಿಕೆ ಇನ್ನೂ ಆ ಕಟ್ಟಿನಲ್ಲೇ ಇದೆ. ಮೊದಲು ಅದನ್ನು ತಿದ್ದು, ಮೈಗಳ್ಳ.”

ಅವನು ಬಹಳ ಹೊತ್ತು ನಕ್ಕ. ಆಮೇಲೆ ಮೂಗು ಒರೆಸಿಕೊಂಡ. ನೆಗಡಿಯಿರಬೇಕು.

ದಾದಿಯ ಸಂದೇಶ: ಭಾನುವಾರ ತೀರ್ಮಾನದ ಸಭೆ, ಅಂದೇ ಹೊಸ ಆವೃತ್ತಿಯ ಬಾಗಿಲು ಮುಚ್ಚುತ್ತದೆ. “ಎದುರುಮಾತು ಓದಿದ ಮೇಲೂ ಹೆಚ್ಚಿನವರು ಸೇರಿಸೋಣ ಅಂತಲೇ ಇದ್ದಾರೆ ಸರ್. ಒಂದು ಎಚ್ಚರಿಕೆಯ ಸಾಲು ಜೋಡಿಸಿದ್ರಾಯ್ತು ಅಂತಾರೆ. ದತ್ತು ತಗೊಂಡವರು ನೀವು. ನಿಮ್ಮ ಇಷ್ಟ.”

ಕೃಪಾಂಕವೇ. ಈ ಸಲ ಬೇರೆ ಲಕೋಟೆಯಲ್ಲಿ.

ಏಪ್ರಿಲ್ ೪

ಇವಳು ಮಗಳ ಕೋಣೆಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. ನಾನು ನನ್ನ ಕುರ್ಚಿಯಲ್ಲಿದ್ದೆ.

“ಭಾನುವಾರ ಅಂತಲ್ಲ?”

“ಹೌದು.”

“ನಂಗೆ ನಿಮ್ಮ ಪಟ್ಟಿ, ಖಾಲಿ ಯಾವುದೂ ಗೊತ್ತಿಲ್ಲ. ಒಂದೇ ಕೇಳೋದು. ಅವಳದ್ದು ಅಂತ ಎಲ್ಲಾದ್ರೂ ಒಂದು ಇರ್ಲಿ. ಯಾರೋ, ಎಲ್ಲೋ, ದಿನಾ ಬಳಸ್ತಾರೆ. ಹೆಸರು ಗೊತ್ತಿಲ್ದೆ ಇದ್ರೂ ಬಳಸ್ತಾರೆ. ಅಷ್ಟು ಸಾಕು ನಂಗೆ.”

ಇದಕ್ಕೆ ಎದುರುಮಾತು ನನ್ನಲ್ಲಿರಲಿಲ್ಲ. ಕೊನೆಗೆ ಇವಳೇ ಎದ್ದು, ಹೋಗುವಾಗ ಗೋಡೆಯ ಕಡೆ ನೋಡಿ, “ಗಡಿಯಾರಕ್ಕೆ ಬ್ಯಾಟರಿ ಹಾಕಿದ್ರಾ?” ಎಂದಳು.

“ಹಾಕಿದೆ.”

“ಯಾವಾಗ?”

ನೆನಪಿಲ್ಲ.

ಏಪ್ರಿಲ್ ೫

ಏನೂ ಬರೆಯಲಾಗಲಿಲ್ಲ. ಮಗಳೂ ಒರೆಗಲ್ಲೂ ಆಡಿದ ಹಳೆಯ ಜಗಳವನ್ನು ಮೊದಲಿನಿಂದ ಓದಿದೆ. ಎಲ್ಲಿಯೂ ಮಗಳು ‘ನನ್ನದನ್ನು ಸೇರಿಸಿ’ ಎಂದಿಲ್ಲ. ‘ತಪ್ಪಿದ್ದರೆ ತೋರಿಸಿ, ಮೇಷ್ಟ್ರೇ’ ಎಂದು ಎಷ್ಟು ಕಡೆ ಇದೆ!

ಏಪ್ರಿಲ್ ೬, ಭಾನುವಾರ

ಇಂದಿನ ಸಭೆಯಲ್ಲಿ ಆಡಿದ ಮಾತುಗಳು. ಇವಳು ಪಕ್ಕದಲ್ಲಿ ಕೂತಿದ್ದಳು. ಏನು ಹೇಳುತ್ತೇನೆಂದು ಇವಳಿಗೆ ಮೊದಲೇ ತಿಳಿಸಿರಲಿಲ್ಲ. ತಿಳಿಸಿದ್ದರೆ ಹೇಳಲು ಆಗುತ್ತಿರಲಿಲ್ಲ.

“ಎಲ್ಲರಿಗೂ ನಮಸ್ಕಾರ. ಕಳೆದ ಸಲ ನಿಮ್ಮ ಕನಿಕರವನ್ನು ವಾಪಸು ಕೊಂಡೊಯ್ಯಿರಿ ಎಂದಿದ್ದೆ. ನೀವು ಒಯ್ಯಲಿಲ್ಲ. ಬದಲಿಗೆ ನನ್ನ ಕರಡುಗಳನ್ನು ಎರಡು ಸಲ ತಿರಸ್ಕರಿಸಿದಿರಿ, ನನ್ನ ಒಂದು ವಾಕ್ಯವನ್ನು ಎರಡು ದಿನ ಜಗ್ಗಾಡಿದಿರಿ. ಕನಿಕರಪಡುವವರು ಹೀಗೆ ಮಾಡುವುದಿಲ್ಲ. ಅದಕ್ಕಾಗಿ ಋಣಿಯಾಗಿದ್ದೇನೆ.

“ಎಚ್ಚರಿಕೆಯ ಸಾಲೊಂದನ್ನು ಜೋಡಿಸಿ ಈ ಪ್ರಸ್ತಾವವನ್ನು ಸೇರಿಸಬೇಕೆಂದು ನಿಮ್ಮಲ್ಲಿ ಹಲವರಿಗಿದೆ. ನನ್ನ ಮನೆಯಲ್ಲೂ ಅದೇ ಆಸೆಯಿದೆ. ಅದು ನಿಮ್ಮೆಲ್ಲರದಕ್ಕಿಂತ ದೊಡ್ಡ ಆಸೆ. ನನಗೂ ಇದೆ. ಆದರೆ ತರಲೆ ನಿಮ್ಮನ್ನು ಕೇಳುತ್ತಿದ್ದದ್ದು ಜಾಗವನ್ನಲ್ಲ, ಜಗಳವನ್ನು. ಅವಳ ಪ್ರಸ್ತಾವ ಹೊಸಬರ ಮೇಲಿನ ಅಕ್ಕರೆಯಿಂದ ಹುಟ್ಟಿತು. ಯಾರೂ ಕೂಗಿಸಿಕೊಳ್ಳಬಾರದೆಂಬುದು ಅವಳ ಆಸೆ. ಅದು ಸರಿ. ನಿಲ್ಲಿಸಲೇಬಾರದೆಂಬುದು ಅವಳು ಕಂಡುಕೊಂಡ ದಾರಿ. ಅದು ತಪ್ಪು. ಅದನ್ನು ಬಳಸಿದ ಮೊದಲ ಮನುಷ್ಯ ನಾನು, ಏನಾಯಿತೆಂದು ಬರೆದಿದ್ದೇನೆ. ಎಚ್ಚರಿಕೆಯ ಸಾಲನ್ನು ಓದುವವರಾಗಿದ್ದರೆ ನಾವು ಪಟ್ಟಿಯನ್ನೂ ಸರಿಯಾಗಿ ತಿದ್ದಿರುತ್ತಿದ್ದೆವು. ನಾನು ಓದುತ್ತಿರಲಿಲ್ಲ.

“ಅವಳು ಬದುಕಿದ್ದರೆ ಈ ಎದುರುಮಾತನ್ನು ತಾನೇ ಬರೆಯುತ್ತಿದ್ದಳು. ಬರೆಯುತ್ತ ಬರೆಯುತ್ತ ಕೈ ನಿಲ್ಲಿಸಿ, ‘ಅಯ್ಯೋ ಮೇಷ್ಟ್ರೇ, ನೀವೇ ಸರಿ’ ಎನ್ನುತ್ತಿದ್ದಳು. ನನಗೆ ಇದು ಹೇಗೆ ಗೊತ್ತೆಂದು ಕೇಳಬೇಡಿ. ಪುರಾವೆಯಿಲ್ಲದೆ ನಾನು ಮಾತಾಡುತ್ತಿರುವುದು ಇದೇ ಮೊದಲು.”

ಇಲ್ಲಿ ಒಂದು ಗುಟುಕು ನೀರು ಕುಡಿದೆ. ದಾದಿ ಕ್ಯಾಮೆರಾ ಆರಿಸಿದಳು. ಒರೆಗಲ್ಲು ಆರಿಸಲಿಲ್ಲ. ಇವಳು ನನ್ನ ಕಡೆ ನೋಡಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

“ಆದ್ದರಿಂದ ತೀರ್ಮಾನ ಹೇಳುತ್ತೇನೆ. ಇದನ್ನು ನಾನು ಯಾರನ್ನೂ ಕೇಳಿ ಮಾಡಿಲ್ಲ. ಈ ಪ್ರಸ್ತಾವದ ತಾಯಿಯ ತಾಯಿ ನನ್ನ ಪಕ್ಕದಲ್ಲೇ ಇದ್ದಾಳೆ, ಅವಳನ್ನೂ ಕೇಳಿಲ್ಲ. ಅವಳ ಎದುರುಮಾತನ್ನು ಇವತ್ತು ಸಂಜೆ ಕೂತು ಕೇಳುತ್ತೇನೆ, ಎಷ್ಟು ಹೊತ್ತಾದರೂ ಸರಿ. ಪುಟವನ್ನು ಅಳಿಸಬೇಡಿ. ತರಲೆಯ ಮಾತು, ಮೇಷ್ಟ್ರ ಮಾತು, ಕೆಳಗೆ ನನ್ನದು, ಎಲ್ಲ ಇರಲಿ. ಮುಂದೆ ಇದೇ ಯೋಚನೆ ಹೊತ್ತು ಬರುವವರು ಓದಲಿ. ಎದುರುಮಾತು ಬರೆದವರು ಯಾರೆಂಬ ಜಾಗದಲ್ಲಿ ‘ತರಲೆಯ ಅಪ್ಪ’ ಎಂದು ಹಾಕಿದ್ದೇನೆ. ಮತ್ತು ದತ್ತು ತೆಗೆದುಕೊಂಡವನ ಅಧಿಕಾರದಿಂದ, ನನ್ನ ಮಗಳ ಪ್ರಸ್ತಾವವನ್ನು ನಾನು ಈ ಕ್ಷಣ ಹಿಂತೆಗೆದುಕೊಳ್ಳುತ್ತಿದ್ದೇನೆ.”